ಹುಚ್ಚಿಗೆ ಕಟ್ಟಿದ ಹಗ್ಗ

ನಮ್ಮ ಮುತ್ತಾತ ಊರ ತೋಟಿ. ತಾತನೂ ಹರೆಯದಲ್ಲಿ ಅದೇ ಊಳಿಗ ಮಾಡಿದೋರು. ಹೆಣ ಕಾಯೋದು, ಸತ್ತ ದನ ಎಳೆಯೋದು, ಕಂದಾಯದ ಗಂಟು ಹೊತ್ತು ಶಾನುಭೋಗರ ಹಿಂದೆ ತಾಲ್ಲೂಕು ಕಚೇರಿಗೆ ನಡೆಯೋದು, ಇವೆಲ್ಲ ಎಲ್ಲರಿಗೂ ಗೊತ್ತಿರೋ ಸಂಗತಿ. ಯಾರೂ ಅಷ್ಟಾಗಿ ಎತ್ತಿ ಆಡದ ಇನ್ನೊಂದು ಕೆಲಸ ಇತ್ತು. ಊರಲ್ಲಿ ಯಾರಿಗಾದರೂ ತಲೆ ಕೆಟ್ಟು, ಬಟ್ಟೆ ಹರಕೊಂಡು, ಕಲ್ಲು ಬೀರಿಕೊಂಡು ಬೀದಿಗೆ ಬಿದ್ದರೆ ಹಗ್ಗ ತಗೊಂಡು ಹೋಗಿ ಹಿಡಿಯೋದು. ಪಟೇಲ ಜಗಲಿ ಮೇಲೆ ನಿಂತು "ಹಿಡಿದು ಕಟ್ರುಲಾ ಅವನ್ನ" ಅಂತ ಕೂಗೋನು. ಹಿಡಿಯೋರು, ಕಚ್ಚಿಸಿಕೊಳ್ಳೋರು, ಕಟ್ಟೋರು ತೋಟಿ ತಳವಾರರು.

ತಾತ ಒಂದು ಮಾತು ಹೇಳ್ತಿದ್ದರು: "ಗೌಡ್ರ ಮಗನ್ನ ನಾವು ಮುಟ್ಟಂಗಿದ್ದಿದ್ದು ಒಂದೇ ಸಲ ಕಲಾ, ಅವನ್ಗೆ ಹುಚ್ಚು ಹಿಡ್ದಾಗ." ಹೇಳಿ ನಗೋರು. ನಕ್ಕು ಸುಮ್ಮನಾಗೋರು. ಯಾಕಂದ್ರೆ ಅದೇ ಹಗ್ಗದಲ್ಲಿ ಅವರು ಒಡಹುಟ್ಟಿದ ತಮ್ಮನನ್ನೂ ಕಟ್ಟಬೇಕಾಗಿ ಬಂದಿತ್ತು. ಗೌಡರ ಮಗನನ್ನ ಗಾಡಿ ಕಟ್ಟಿಸಿ ಮೈಸೂರಿಗೆ, ಡಾಕ್ಟರ ಹತ್ತಿರಕ್ಕೆ ಕರಕೊಂಡು ಹೋದರು. ತಾತನ ತಮ್ಮನನ್ನ ಠಾಣೆಗೆ ಒಪ್ಪಿಸಿದರು. ಅಲ್ಲಿಂದ ಆತ ಎಲ್ಲಿಗೆ ಹೋದ ಅನ್ನೋದು ನಮ್ಮ ಮನೆಯಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಈಗೀಗ ಒಂದು ಮಾತು ಕೇಳಿಬರ್ತಾ ಇದೆ. ಯಾರಿಗಾದರೂ ಮನಸ್ಸು ಕೆಟ್ಟು ಗಂಡಾಂತರ ಬಂದಾಗ ಪೊಲೀಸ್ ಇಲಾಖೆಯೂ ಆರೋಗ್ಯ ಇಲಾಖೆಯೂ ಕೈಜೋಡಿಸಿ ಕೆಲಸ ಮಾಡಬೇಕಂತೆ. ಒಳ್ಳೆ ಮಾತೇ. ಆದರೆ ಅದನ್ನ ಹೊಸ ಮಾತು ಅನ್ನೋ ಹಾಗೆ ಹೇಳ್ತಾರಲ್ಲ, ಅಲ್ಲಿ ನಮ್ಮ ತಕರಾರು. ಈ ಎರಡು ಕೈಗಳು ನೂರೈವತ್ತು ವರ್ಷಕ್ಕೂ ಮಿಗಿಲಾಗಿ ಜೋಡಿಸಿಕೊಂಡೇ ಇವೆ. ನಡುವೆ ಸಿಕ್ಕಿಕೊಂಡಿದ್ದು ಯಾರ ಕುತ್ತಿಗೆ, ಎರಡರಲ್ಲಿ ಯಾವ ಕೈ ಯಾವ ಕೈಯ ಮಾತು ಕೇಳ್ತಿತ್ತು ಅನ್ನೋದನ್ನ ಬಿಚ್ಚಿ ನೋಡದೆ ಸಹಕಾರದ ಮಾತಾಡೋಕೆ ನಮ್ಮಂಥೋರಿಗೆ ಆಗೋದಿಲ್ಲ.

ನಾವು ನಿಂತಿರೋ ನೆಲ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ. ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗ ಅಂದ್ರೆ ಈ ನಾಲ್ಕು ತಾಲ್ಲೂಕು. ಒಂದು ಕಡೆ ಕನ್ನಂಬಾಡಿ ನಾಲೆಯ ಕಬ್ಬು, ಭತ್ತ. ಇನ್ನೊಂದು ಕಡೆ ನಾಗಮಂಗಲದ ರಾಗಿ, ಹುರುಳಿಯ ಒಣಭೂಮಿ. ನೀರು ಬಂದ ಕಡೆ ಸಾಲವೂ ಬಂತು, ನೀರು ಬಾರದ ಕಡೆಯಿಂದ ಜನ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದರು. ಶ್ರೀರಂಗಪಟ್ಟಣ, ಮೇಲುಕೋಟೆ, ಆದಿಚುಂಚನಗಿರಿ ಯಾತ್ರೆಯ ಸ್ಥಳಗಳು. ಯಾತ್ರೆಗೆ ಬಂದೋರು ಮುಡಿ ಬಿಟ್ಟು ಹೋಗ್ತಾರೆ. ಕೆಲವರು ಮನೆಯಲ್ಲಿ ಸಂಭಾಳಿಸಲಾರದ ಮನುಷ್ಯರನ್ನೂ ಬಿಟ್ಟು ಹೋಗ್ತಾರೆ. ಹೆದ್ದಾರಿ ಬದಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ನದಿ ಸೋಪಾನದಲ್ಲಿ ಹೆಸರಿಲ್ಲದೆ ತಿರುಗೋ ಜೀವಗಳನ್ನ ನಾವು ಚಿಕ್ಕಂದಿನಿಂದ ನೋಡ್ತಾ ಬಂದಿದೀವಿ. ಅವರ ಭಾಷೆ ನಮಗೆ ತಿಳಿಯದು. ಊರು ಕೇಳಿದರೆ ಆಕಾಶ ತೋರಿಸ್ತಾರೆ.

ಇಂಥ ಜೀವಗಳ ಬಗ್ಗೆ ಸರ್ಕಾರ ಮೊದಲು ಏನು ಯೋಚನೆ ಮಾಡಿತು ಅನ್ನೋದನ್ನ ಹುಡುಕಿದರೆ 1858ಕ್ಕೆ ಹೋಗಿ ನಿಲ್ಲಬೇಕು. ಸಿಪಾಯಿ ದಂಗೆ ಅಡಗಿಸಿದ ಹೊಸತರಲ್ಲಿ ಬ್ರಿಟಿಷರು ಹುಚ್ಚರ ಆಶ್ರಮಗಳ ಕಾಯ್ದೆ ತಂದರು. 1858ರ 36ನೇ ಕಾಯ್ದೆ. ಎಲ್ಲೆಂದರಲ್ಲಿ ಅಲೆಯೋ ಹುಚ್ಚರನ್ನೂ, ಅಪಾಯ ಅನ್ನಿಸೋ ಹುಚ್ಚರನ್ನೂ ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ಕಳಿಸೋದು ಪೊಲೀಸ್ ದರೋಗನ ಕರ್ತವ್ಯ ಅಂತ ಅದರಲ್ಲಿ ಬರೆದರು. ಅಂದರೆ ಈ ದೇಶದಲ್ಲಿ ಬಡ ಹುಚ್ಚನ ಕಡೆ ಸರ್ಕಾರ ಚಾಚಿದ ಮೊದಲ ಕೈ ಡಾಕ್ಟರದಲ್ಲ, ದರೋಗನದು.

ಮೈಸೂರು ಸೀಮೆ ಆಗ ಕಮಿಷನರ ಆಳ್ವಿಕೆಯಲ್ಲಿತ್ತು. ಬೆಂಗಳೂರಿನ ಹುಚ್ಚಾಸ್ಪತ್ರೆ ಇದಕ್ಕೂ ಮೊದಲೇ, 1840ರ ದಶಕದಲ್ಲೇ ಶುರುವಾಗಿತ್ತು. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆ ಅಂತ ಹೆಸರು ಬದಲಾಯಿಸಿದರು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅಲ್ಲಿ ಹುಟ್ಟಿತು. 1974ರಲ್ಲಿ ಎರಡನ್ನೂ ಸೇರಿಸಿ ನಿಮ್ಹಾನ್ಸ್ ಮಾಡಿದರು. ಒಳಗೆ ದೊಡ್ಡ ದೊಡ್ಡ ಬದಲಾವಣೆ ಆದವು, ಸುಳ್ಳಲ್ಲ. ಆದರೆ ನಮ್ಮ ತಾಲ್ಲೂಕಿನಿಂದ ಅಲ್ಲಿಗೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಆ ದಾರಿ ಠಾಣೆಯ ಅಂಗಳದಿಂದಲೇ ಶುರುವಾಗ್ತಿತ್ತು.

1912ರಲ್ಲಿ ಹಳೇ ಕಾಯ್ದೆ ಹೋಗಿ ಇಂಡಿಯನ್ ಲ್ಯುನಸಿ ಆಕ್ಟ್ ಬಂತು. ನಮ್ಮ ತಾತನ ಕಥೆಯಲ್ಲಿರೋ ಎರಡು ದಾರಿ ಈ ಕಾಯ್ದೆಯಲ್ಲೇ ಅಚ್ಚಾಗಿ ಕೂತಿವೆ. ಒಂದು ಅರ್ಜಿಯ ದಾರಿ. ಮನೆಯವರು ಇಬ್ಬರು ಡಾಕ್ಟರ ಸರ್ಟಿಫಿಕೇಟು ಹಚ್ಚಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಅಕ್ಷರ ಬಲ್ಲೋರ, ಕಾಸಿರೋರ, ವಕೀಲರ ಮನೆ ಗೊತ್ತಿರೋರ ದಾರಿ ಅದು. ಇನ್ನೊಂದು 13ನೇ ಕಲಮಿನ ದಾರಿ. ಅಲೆಯೋ ಹುಚ್ಚ ಅಂತ ಕಂಡವನನ್ನ ಠಾಣೆಯ ಅಧಿಕಾರಿ ದಸ್ತಗಿರಿ ಮಾಡಬಹುದು. ಅಪಾಯಕಾರಿ ಅನ್ನಿಸಿದರೆ ಮಾಡಲೇಬೇಕು. ಆಮೇಲೆ ಮ್ಯಾಜಿಸ್ಟ್ರೇಟರು ಸರ್ಕಾರಿ ಡಾಕ್ಟರಿಗೆ ತೋರಿಸಬೇಕು, ಡಾಕ್ಟರು ಹುಚ್ಚು ಹೌದೋ ಅಲ್ಲವೋ ಅಂತ ಬರೆದುಕೊಡಬೇಕು, ನೋಡೋಕೆ ಹತ್ತು ದಿನ, ಸಾಲದಿದ್ದರೆ ಮೂವತ್ತು ದಿನದ ತನಕ ಇಟ್ಟುಕೊಳ್ಳಬಹುದು. ಎಲ್ಲಿ ಇಟ್ಟುಕೊಳ್ಳೋದು? ತಾಲ್ಲೂಕಿನಲ್ಲಿ ಗಟ್ಟಿ ಬಾಗಿಲು ಇದ್ದದ್ದು ಲಾಕಪ್ಪಿಗೆ.

ಈ ಏರ್ಪಾಡಿನಲ್ಲಿ ಪೊಲೀಸು ಇದ್ದಾನೆ, ಡಾಕ್ಟರು ಇದ್ದಾರೆ, ನ್ಯಾಯದ ಪೀಠ ಇದೆ. ಸಹಕಾರಕ್ಕೆ ಏನೂ ಕೊರತೆ ಇಲ್ಲ! ಹಿಡಿದಿದ್ದಕ್ಕೆ ಮುದ್ರೆ ಒತ್ತೋದು ಡಾಕ್ಟರ ಕೆಲಸವಾಯ್ತು. ರೋಗಿ ಅನ್ನೋನಿಗೂ ಆರೋಪಿ ಅನ್ನೋನಿಗೂ ನಡುವೆ ಇದ್ದ ಗೆರೆ ಅಳಿಸಿಹೋಯ್ತು. ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು, 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯಿಂದ ಪಟೇಲಗಿರಿಯೂ ತೋಟಿಕೆಯೂ ಹೋದವು. ತೋಟಿಯ ಹಗ್ಗ ಹೋದರೂ 1912ರ ದಸ್ತಗಿರಿ ಹೋಗಲಿಲ್ಲ. 1993ರ ತನಕ ಆ ಕಾಯ್ದೆ ಬದುಕಿತ್ತು.

ಆ ಕಾಯ್ದೆ ನಡೆಯುತ್ತಿದ್ದ ಕಾಲದಲ್ಲಿ ಏನೇನಾಯ್ತು ಅನ್ನೋಕೆ ಅಸ್ಸಾಮಿನ ಒಬ್ಬ ಆದಿವಾಸಿಯ ಬದುಕು ಸಾಕ್ಷಿ. ಮಚಾಂಗ್ ಲಾಲುಂಗ್ ಅಂತಲೂ ಮಚಲ್ ಲಾಲುಂಗ್ ಅಂತಲೂ ಪತ್ರಿಕೆಗಳು ಬರೆದ ಹೆಸರು. 1951ರಲ್ಲಿ ಒಂದು ಹೊಡೆದಾಟದ ಕೇಸಿನಲ್ಲಿ ಹಿಡಿದರು. ಆಗ ಆತನಿಗೆ ಇಪ್ಪತ್ಮೂರು. ತಲೆ ಸರಿಯಿಲ್ಲ ಅಂತ ತೇಜ್‌ಪುರದ ಆಸ್ಪತ್ರೆಗೆ ಹಾಕಿದರು. 1967ರಲ್ಲಿ ಆಸ್ಪತ್ರೆಯವರು ಈತ ಗುಣವಾಗಿದ್ದಾನೆ ಅಂತ ಬರೆದರು. ಬರೆದ ಮೇಲೆ ಮನೆಗೆ ಬಿಡಲಿಲ್ಲ, ಗುವಾಹಟಿಯ ಜೈಲಿಗೆ ಸಾಗಿಸಿದರು! ಹೊರಗೆ ಬಂದಿದ್ದು 2005ರಲ್ಲಿ. 54 ವರ್ಷ. ವಿಚಾರಣೆಯೇ ನಡೆದಿರಲಿಲ್ಲ. ಒಂದು ರೂಪಾಯಿ ಮುಚ್ಚಳಿಕೆ ಮೇಲೆ ಬಿಟ್ಟರು. ಇಲ್ಲೂ ಆಸ್ಪತ್ರೆ ತನ್ನ ಕಾಗದ ಸರಿಯಾಗಿಯೇ ಬರೆದಿತ್ತು, ಜೈಲೂ ತನ್ನ ದಫ್ತರ ಸರಿಯಾಗಿಯೇ ಇಟ್ಟಿತ್ತು. ಒಬ್ಬರ ಕಾಗದವನ್ನ ಇನ್ನೊಬ್ಬರು ತೆರೆದು ನೋಡಲಿಲ್ಲ, ಅಷ್ಟೇ.

ಈ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಯಾರೋ ಓದಿ ಹೇಳಿದರಂತೆ. ತಾತ ತುಂಬ ಹೊತ್ತು ಕೂತಿದ್ದು, "ಹಂಗಾರೆ ನಮ್ಮವ್ನೂ ಎಲ್ಲಾರ ಇದ್ದಾನು" ಅಂದರಂತೆ. ಇದನ್ನ ನಮಗೆ ಹೇಳಿದ್ದು ಅವ್ವ.

1993ರಲ್ಲಿ ಎರಡು ಸಂಗತಿ ನಡೆದವು. ಪತ್ರಕರ್ತೆ ಶೀಲಾ ಬರ್ಸೆ ಹೂಡಿದ ಮೊಕದ್ದಮೆಯಲ್ಲಿ, ಅಪರಾಧ ಮಾಡದ ಮಾನಸಿಕ ರೋಗಿಗಳನ್ನ ಜೈಲಿನಲ್ಲಿಡೋದು ಕಾನೂನಿಗೂ ಸಂವಿಧಾನಕ್ಕೂ ವಿರುದ್ಧ ಅಂತ ಸುಪ್ರೀಂ ಕೋರ್ಟು ಹೇಳಿತು. ಪಶ್ಚಿಮ ಬಂಗಾಳದ ಜೈಲುಗಳಲ್ಲಿ ಅಂಥೋರು ತುಂಬಿದ್ದರು. ಅದೇ ವರ್ಷ, 1987ರಲ್ಲಿ ಪಾಸಾಗಿದ್ದ ಮಾನಸಿಕ ಆರೋಗ್ಯ ಕಾಯ್ದೆ ಜಾರಿಗೆ ಬಂತು. ಅದರ 23ನೇ ಕಲಮಿನಲ್ಲಿ ಒಂದು ಕ್ರಿಯಾಪದ ಬದಲಾಗಿತ್ತು. ಪೊಲೀಸು ಇನ್ನು ದಸ್ತಗಿರಿ ಮಾಡೋ ಹಾಗಿಲ್ಲ, ರಕ್ಷಣೆಗೆ ತಗೋಬೇಕು. ಪದ ಬದಲಾದರೆ ಏನು ಬಂತು ಅನ್ನಬೇಡಿ. ಹೊಲೆಯ, ಮಾದಿಗ ಅಂತ ಬೈಸಿಕೊಂಡು ಬೆಳೆದ ನಮಗೆ ಪದದ ತೂಕ ಗೊತ್ತು. ಆದರೆ ದಾರಿ ಹಳೇದೇ ಉಳೀತು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಜ್ವರ ಬಂದೋನನ್ನ ಯಾರಾದರೂ ಕೋರ್ಟಿಗೆ ಕರಕೊಂಡು ಹೋಗ್ತಾರಾ?

ಠಾಣೆಯೂ ಆಸ್ಪತ್ರೆಯೂ ನಮ್ಮ ಜಿಲ್ಲೆಯಲ್ಲಿ ದಿನಾ ಎದುರುಬದುರಾಗೋ ಇನ್ನೊಂದು ಜಾಗ ಇದೆ. ಅದು ವಿಷ ಕುಡಿದೋರ ಮಂಚ. 2015ರ ಜೂನ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಒಬ್ಬ ರೈತ ತಾನೇ ಬೆಳೆದ ಕಬ್ಬಿನ ಗದ್ದೆಯಲ್ಲಿ ಪ್ರಾಣ ಬಿಟ್ಟ. ಕಾರ್ಖಾನೆಗಳು ಬಾಕಿ ಕೊಟ್ಟಿರಲಿಲ್ಲ, ಕಬ್ಬು ಗದ್ದೆಯಲ್ಲೇ ಒಣಗ್ತಿತ್ತು. ಆ ವರ್ಷ ಮಂಡ್ಯದ ಹೆಸರು ಪತ್ರಿಕೆಯಲ್ಲಿ ಬರದ ದಿನ ಇರಲಿಲ್ಲ. ಸತ್ತೋರ ಮನೆಗೆ ಮಂತ್ರಿಗಳು ಬಂದರು. ಸಾಯದೆ ಉಳಿದೋರ ಹತ್ತಿರ ಬಂದಿದ್ದು ಪೇದೆ. ಯಾಕಂದ್ರೆ ಇಂಡಿಯನ್ ಪೀನಲ್ ಕೋಡಿನ 309ನೇ ಕಲಮಿನ ಪ್ರಕಾರ ಸಾಯೋಕೆ ಹೋಗಿ ಸಾಯದೆ ಇರೋದು ಅಪರಾಧ, ಒಂದು ವರ್ಷದ ತನಕ ಸಜೆ. ಆಸ್ಪತ್ರೆಯವರು ಮೆಡಿಕೊ ಲೀಗಲ್ ಕೇಸ್ ಅಂತ ಬರೆದು ಠಾಣೆಗೆ ತಿಳಿಸೋರು. ಮೂಗಿಗೆ ಪೈಪು ಹಾಕಿಕೊಂಡು ಮಲಗಿದೋನ ಪಕ್ಕ ಕೂತು ಹೇಳಿಕೆ ಬರಕೊಳ್ಳೋರು. ಮನೆಯವರು ಹೆದರಿ, ನೀರು ಅಂದ್ಕೊಂಡು ಕುಡಿದ್ಬುಟ್ಟ ಸಾಮಿ ಅನ್ನೋರು. ಸತ್ತಿದ್ದರೆ ಹೊಟ್ಟೆನೋವು ತಾಳಲಾರದೆ ಅಂತ ಬರೆಸೋರು. ಈ ನಾಡಿನ ಠಾಣೆಗಳ ಕಡತದಲ್ಲಿ ಎಷ್ಟು ಜನ ಹೊಟ್ಟೆನೋವಿನಿಂದ ಸತ್ತಿದ್ದಾರೆ! ಹಸಿವಿನ ಹೊಟ್ಟೆನೋವು, ಸಾಲದ ಹೊಟ್ಟೆನೋವು, ಜಾತಿ ಬಿಟ್ಟು ಮದುವೆಯಾದ ಹುಡುಗಿಯ ಹೊಟ್ಟೆನೋವು. ಹೀಗೆ ಸುಳ್ಳು ಬರೆಸಿದ್ದರಿಂದ ಒಂದು ಅನಾಹುತವಾಯ್ತು. ಯಾಕೆ ಕುಡಿದೆಯಪ್ಪಾ ಅಂತ ಡಾಕ್ಟರು ಕೇಳೋ ಸಂದರ್ಭವೇ ಬರಲಿಲ್ಲ. ಹೊಟ್ಟೆ ತೊಳೆದು, ಮನಸ್ಸು ಮುಟ್ಟದೆ ಮನೆಗೆ ಕಳಿಸಿದರು.

ಇನ್ನು ಗುಡಿ, ದರ್ಗಾ, ಮಂತ್ರ, ತಾಯತದ ವಿಚಾರ. ನಮ್ಮ ಜನ ಅಲ್ಲಿಗೆ ಯಾಕೆ ಹೋಗ್ತಾರೆ ಅಂತ ಮೂಗು ಮುರಿಯೋ ವಿಚಾರವಾದಿ ಗೆಳೆಯರಿಗೆ ಒಂದೇ ಮಾತು. ರಾತ್ರಿ ಬಾಗಿಲು ತೆರೆದಿರೋದು ಅದೊಂದೇ. ಹಾಗಂತ ಅಲ್ಲಿ ನಡೆಯೋದನ್ನ ಒಪ್ಪೋಕಾಗೋದಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಸುತ್ತ ಕಟ್ಟಿಕೊಂಡಿದ್ದ ಶೆಡ್ಡಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿದ್ದೋರು ಓಡಲಾರದೆ 28 ಜನ ಸತ್ತರು.

ಹಾಗಿದ್ದರೆ ಪೊಲೀಸರನ್ನ ದೂರವೇ ಇಡೋಣವಾ? ಈ ಪ್ರಶ್ನೆಗೆ ನಮ್ಮೊಳಗೇ ಎರಡು ಮಾತಿದೆ. ಕೂಲಿ ಕೇಳಿದೋನನ್ನ, ಕೆರೆ ನೀರು ಮುಟ್ಟಿದೋನನ್ನ "ತಲೆ ಕೆಟ್ಟವ್ನೆ" ಅಂತ ಕರೆದ ಊರು ಇದು. ನಾಳೆ ಠಾಣೆಯೂ ಆಸ್ಪತ್ರೆಯೂ ಇನ್ನೂ ಹತ್ತಿರವಾದರೆ ಪ್ರತಿಭಟನೆಗೆ ನಿಂತ ಹುಡುಗನ ಕೈಗೆ ಬೇಡಿ ಬದಲು ಸೂಜಿ ಚುಚ್ಚಿಸಬಹುದು ಅನ್ನೋ ಭಯ ನಮಗಿದೆ. ಆದರೆ ಮಗ ಮಚ್ಚು ಹಿಡಿದು ನಿಂತಾಗ ತಾಯಿ ಮೊದಲು ಕೂಗೋದು ಪೊಲೀಸರನ್ನೇ, ಇದೂ ನಿಜ. ಅಮೆರಿಕದ ಮೆಂಫಿಸ್ ನಗರದಲ್ಲಿ 1987ರಲ್ಲಿ ಹೀಗೇ ಆಯ್ತು. ಪೌರಕಾರ್ಮಿಕರ ಮುಷ್ಕರಕ್ಕೆ ಬೆಂಬಲವಾಗಿ ಹೋದ ಮಾರ್ಟಿನ್ ಲೂಥರ್ ಕಿಂಗ್ 1968ರಲ್ಲಿ ಗುಂಡಿಗೆ ಬಲಿಯಾದ ಅದೇ ಊರು. ಜೋಸೆಫ್ ಡ್ವೇನ್ ರಾಬಿನ್ಸನ್ ಅನ್ನೋ ಕಪ್ಪು ಯುವಕ ಚಾಕು ಹಿಡಿದು ತನಗೆ ತಾನೇ ಗಾಯ ಮಾಡಿಕೊಳ್ತಿದ್ದ. ತಾಯಿ ನೆರವಿಗೆ ಅಂತ ಪೊಲೀಸರನ್ನ ಕರೆದಳು. ಬಂದೋರು ಗುಂಡು ಹೊಡೆದರು. ಊರು ಎದ್ದು ನಿಂತಿತು. ಜನ ಜಗಳ ಮಾಡಿ ಮಾಡಿ, 1988ರಲ್ಲಿ ಅಲ್ಲಿ ಒಂದು ಹೊಸ ಏರ್ಪಾಡು ತಂದರು. ಆಯ್ದ ಪೊಲೀಸರಿಗೆ 40 ಗಂಟೆಗಳ ತರಬೇತಿ. ಅವರು ಕರಕೊಂಡು ಬಂದೋರನ್ನ ಆಸ್ಪತ್ರೆ ಬಾಗಿಲಲ್ಲಿ ವಾಪಸ್ ಕಳಿಸೋ ಹಾಗಿಲ್ಲ. ಎರಡನೇದೇ ಮುಖ್ಯ ಅಂತ ನಮಗೆ ಅನ್ನಿಸ್ತದೆ.

ನಮ್ಮಲ್ಲಿ ಕಾನೂನು ಪೂರಾ ಮಗ್ಗಲು ಬದಲಾಯಿಸಿದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಿಂದ. 2018ರಲ್ಲಿ ಜಾರಿಗೆ ಬಂತು. ಅದರ 100ನೇ ಕಲಮನ್ನ ಈ ಪತ್ರಿಕೆ ಓದೋ ಮೇಷ್ಟ್ರುಗಳು ಬಾಯಿಪಾಠ ಮಾಡಿಕೊಳ್ಳಬೇಕು. ತನ್ನನ್ನ ತಾನು ನೋಡಿಕೊಳ್ಳಲಾರದೆ ಅಲೆಯೋ ರೋಗಿಯನ್ನ, ರೋಗದಿಂದ ತನಗೋ ಬೇರೆಯೋರಿಗೋ ಅಪಾಯ ತರಬಹುದಾದೋನನ್ನ ಠಾಣಾಧಿಕಾರಿ ರಕ್ಷಣೆಗೆ ತಗೋಬೇಕು. ಯಾಕೆ ಅಂತ ಅವನಿಗೆ ಹೇಳಬೇಕು. ಆದಷ್ಟು ಬೇಗ, ಏನೇ ಆದರೂ 24 ಗಂಟೆ ಮೀರದೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರಕೊಂಡು ಹೋಗಬೇಕು. ಯಾವ ಕಾರಣಕ್ಕೂ ಲಾಕಪ್ಪಿಗೋ ಜೈಲಿಗೋ ಹಾಕೋ ಹಾಗಿಲ್ಲ. ಪರೀಕ್ಷೆ ಮಾಡಿಸೋದು ಡಾಕ್ಟರ ಹೊಣೆ. ದಾಖಲು ಬೇಡ ಅಂದರೆ ಪೊಲೀಸರೇ ಅವನನ್ನ ಮನೆಗೆ ಮುಟ್ಟಿಸಬೇಕು. ಮನೆ ಯಾವುದು ಗೊತ್ತಿಲ್ಲದಿದ್ದರೆ ಕಾಣೆಯಾದವರ ಕೇಸು ದಾಖಲಿಸಿ ಬಂಧುಗಳನ್ನ ಹುಡುಕಬೇಕು. ಇದನ್ನ ಓದಿದ ದಿನ ನಾವು ಪುಸ್ತಕ ಮುಚ್ಚಿಟ್ಟು ಎದ್ದು ಹೋದೆವು. ತಾತನ ತಮ್ಮನ ಕಾಲಕ್ಕೆ ಈ ಒಂದು ಸಾಲು ಇದ್ದಿದ್ದರೆ!

ಇನ್ನೂ ಇದೆ. ಮನೆಯಲ್ಲೇ ರೋಗಿಯನ್ನ ಹಿಂಸಿಸ್ತಿದ್ದರೆ ಠಾಣೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು, 101ನೇ ಕಲಮು. ಸರಪಳಿ ಯಾವ ರೂಪದಲ್ಲೂ ಕೂಡದು, 95. ತುರ್ತಿನಲ್ಲಿ ಯಾವುದೇ ನೋಂದಾಯಿತ ಡಾಕ್ಟರು, ಮನೋವೈದ್ಯರೇ ಆಗಬೇಕಿಲ್ಲ, 72 ಗಂಟೆ ತನಕ ಚಿಕಿತ್ಸೆ ಕೊಡಬಹುದು, 94. ಸಾಯೋಕೆ ಹೋದೋರನ್ನ ತೀವ್ರ ಒತ್ತಡದಲ್ಲಿದ್ದೋರು ಅಂತಲೇ ತಿಳಿದು ಶಿಕ್ಷಿಸದೆ ಆರೈಕೆ ಕೊಡಬೇಕು, 115. 2024ರ ಜುಲೈನಿಂದ 309ನೇ ಕಲಮೇ ಹೊಸ ದಂಡಸಂಹಿತೆಯಲ್ಲಿಲ್ಲ. ಅಂದರೆ ದರೋಗ ಹಿಡಿದಿದ್ದಕ್ಕೆ ಡಾಕ್ಟರು ಮುದ್ರೆ ಒತ್ತೋ ಕಾಲ ಹೋಗಿ, ಡಾಕ್ಟರ ಬಾಗಿಲಿಗೆ ಪೊಲೀಸು ದಾರಿ ಮಾಡಿಕೊಡೋ ಕಾಲ ಕಾಗದದ ಮೇಲೆ ಬಂದಿದೆ.

ಕಾಗದದಿಂದ ಕೇರಿಗೆ ಎಷ್ಟು ದೂರ? ಒಂದು ರಾತ್ರಿಯ ಸಂಗತಿ ಹೇಳ್ತೀವಿ. ಈ ನಾಲ್ಕು ತಾಲ್ಲೂಕಿನ ಒಳಗೇ ನಡೆದದ್ದು, ಎಲ್ಲಿ ಅಂತ ಹೇಳೋದಿಲ್ಲ. ನಮ್ಮ ಕೇರಿಯ ಹುಡುಗ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದೋನು ಊರಿಗೆ ಬಂದ. ಐದು ದಿನ ನಿದ್ದೆ ಇಲ್ಲ. ಆರನೇ ರಾತ್ರಿ ಮಚ್ಚು ಹಿಡಿದು ಬಾಗಿಲಲ್ಲಿ ನಿಂತ, ಯಾರೋ ಕೊಲ್ಲೋಕೆ ಬರ್ತಾವ್ರೆ ಅಂತ. ಅವರವ್ವ ಅಳ್ತಾ 112ಕ್ಕೆ ಫೋನ್ ಮಾಡಿಸಿದಳು. ಜೀಪಿನಲ್ಲಿ ಇಬ್ಬರು ಬಂದರು. ಚಿಕ್ಕ ವಯಸ್ಸಿನ ಪೇದೆ ಲಾಠಿ ಎತ್ತಿದ. ವಯಸ್ಸಾದ ದಫೇದಾರರು ಅವನನ್ನ ಹಿಂದಕ್ಕೆ ಕಳಿಸಿ, ಟೋಪಿ ತೆಗೆದಿಟ್ಟು ಎದುರು ಮನೆ ಜಗಲಿ ಮೇಲೆ ಕೂತು, "ಒಂದ್ ಲೋಟ ನೀರ್ ಕೊಡವ್ವ" ಅಂದರು. ನಮ್ಮ ಕೇರಿಯಲ್ಲಿ ನೀರು ಕುಡಿದ ಪೊಲೀಸರನ್ನ ನಾವು ಕಂಡಿದ್ದು ಅದೇ ಮೊದಲು. ಒಂದು ಗಂಟೆ ಮಾತಾಡಿದರು. ಕಬ್ಬಿನ ರೇಟು, ಬೆಂಗಳೂರಿನ ಮೇಸ್ತ್ರಿ, ಕೂಲಿ ಬಾಕಿ. "ಯಾರ್ ಬಂದ್ರೂ ನಾನಿಲ್ಲೇ ಕುಂತಿರ್ತೀನಿ ಕಣಪ್ಪ, ಅದ್ನ ಕೆಳೀಕ್ ಮಡಗು" ಅಂದರು. ಹುಡುಗ ಮಚ್ಚು ಕೆಳಗಿಟ್ಟು ಅಳೋಕೆ ಶುರು ಮಾಡಿದ.

ಅಲ್ಲಿಂದ ಆಸ್ಪತ್ರೆ. ರಾತ್ರಿ ಪಾಳಿಯ ಡಾಕ್ಟರು, ಇಲ್ಲಿ ಮನೋವೈದ್ಯರಿಲ್ಲ, ಜಿಲ್ಲೆಗೆ ಒಯ್ಯಿರಿ, ಇಲ್ಲವಾದರೆ ಠಾಣೆಯಿಂದ ಬರೆಸಿಕೊಂಡು ಬನ್ನಿ ಅಂದರು. ಠಾಣೆಗೆ ಫೋನ್ ಮಾಡಿದರೆ, ಆಸ್ಪತ್ರೆಯವರು ಮೊದಲು ಬರೆದುಕೊಡಲಿ ಅಂದರು. ಇವರ ಚೀಟಿಗೆ ಅವರು, ಅವರ ಚೀಟಿಗೆ ಇವರು. ಬೆಳಗಿನ ಜಾವದ ತನಕ ಹುಡುಗ ಜೀಪಿನ ಹಿಂದಿನ ಸೀಟಿನಲ್ಲಿ, ನಾವು ಆಸ್ಪತ್ರೆಯ ಮೆಟ್ಟಿಲ ಮೇಲೆ. 94ನೇ ಕಲಮು ಡಾಕ್ಟರಿಗೆ ಗೊತ್ತಿರಲಿಲ್ಲ, 100ನೇದು ದಫೇದಾರರಿಗೆ ಗೊತ್ತಿರಲಿಲ್ಲ. ನಮಗೂ ಆಗ ಗೊತ್ತಿರಲಿಲ್ಲ, ಬಿ.ಎ. ಮುಗಿಸಿ ಎರಡು ವರ್ಷ ಆಗಿತ್ತು. ಬೆಳಕು ಹರಿದ ಮೇಲೆ ಕೇರಿಯೋರು ಕಾಸು ಕೂಡಿಸಿ ಟೆಂಪೋ ಮಾಡಿ ಮಂಡ್ಯಕ್ಕೆ ಕರಕೊಂಡು ಹೋದೆವು. ಹುಡುಗ ಈಗ ಮಾತ್ರೆ ತಗೋತಾನೆ, ಆಲೆಮನೆಯಲ್ಲಿ ಕೆಲಸ ಮಾಡ್ತಾನೆ.

ಸರ್ಕಾರ ಏನೂ ಮಾಡಿಲ್ಲ ಅಂತ ನಾವು ಹೇಳೋದಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಕಾರ್ಯಕರ್ತರಿಗೆ ಈ ರೋಗಗಳ ಚಿಕಿತ್ಸೆ ಕಲಿಸಿ ತೋರಿಸಿದರು. 1996ರಿಂದ ದೇಶ ನಡೆಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ನಾಗಮಂಗಲಕ್ಕೆ ಆತುಕೊಂಡಿರೋ ತುರುವೇಕೆರೆಯಲ್ಲಿ ಹಳ್ಳಿಯ ರೋಗಿಗಳನ್ನ ಊರಲ್ಲೇ ಇಟ್ಟುಕೊಂಡು ನೋಡಿಕೊಳ್ಳೋ ಕೆಲಸ ವರ್ಷಗಟ್ಟಲೆ ನಡೆದಿದೆ. 2014ರಲ್ಲಿ ರಾಜ್ಯ ಸರ್ಕಾರ ಮನೋಚೈತನ್ಯ ಅಂತ ಶುರು ಮಾಡಿ ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರೋ ಹಾಗೆ ಮಾಡಿತು. 2022ರಿಂದ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡ್ತಾರೆ, ಕಾಸು ಬೇಡ. ಇವೆಲ್ಲ ಬೇಕು. ಆದರೆ ಮಚ್ಚು ಹಿಡಿದ ರಾತ್ರಿ ಮಂಗಳವಾರಕ್ಕೆ ಕಾಯೋದಿಲ್ಲ. ಆ ರಾತ್ರಿ ಬರೋನು ಪೇದೆ. ಪೊಲೀಸರಿಗೆ ಕಾಲಕಾಲಕ್ಕೆ ತಿಳಿವಳಿಕೆ ಕೊಡಬೇಕು ಅಂತ 30ನೇ ಕಲಮು ಸರ್ಕಾರಕ್ಕೇ ಹೇಳಿದೆ. ಆ ದಫೇದಾರರಿಗೆ ಅದನ್ನ ಯಾರೂ ಕಲಿಸಿರಲಿಲ್ಲ, ಅವರ ಗುಣ ಕಲಿಸಿತ್ತು. ಒಬ್ಬರ ಗುಣ ನಂಬಿಕೊಂಡು ನಾಲ್ಕು ತಾಲ್ಲೂಕು ಬದುಕೋಕಾಗ್ತದಾ?

ನಾವು ಕೆಲವರು ಸೇರಿ 94, 95, 100, 101 ಮತ್ತು 115ನೇ ಕಲಮುಗಳನ್ನ ಆಡುಮಾತಿನ ಕನ್ನಡದಲ್ಲಿ ಒಂದೇ ಹಾಳೆಗೆ ಬರೆದಿದೀವಿ. ಮೇಲ್ಗಡೆ ಆಸ್ಪತ್ರೆಯ ರಾತ್ರಿ ಪಾಳಿಯ ಫೋನ್ ನಂಬರಿಗೂ ಠಾಣೆಯ ನಂಬರಿಗೂ ಜಾಗ ಖಾಲಿ ಬಿಟ್ಟಿದೀವಿ. ಅದನ್ನ ಅವರವರ ಕೈಯಲ್ಲೇ ತುಂಬಿಸಬೇಕು, ಠಾಣೆಯ ಗೋಡೆಗೊಂದು, ಆಸ್ಪತ್ರೆಯ ಗೋಡೆಗೊಂದು, ಕೇರಿಯ ಅಂಬೇಡ್ಕರ್ ಭವನಕ್ಕೊಂದು ಅಂಟಿಸಬೇಕು. ಮೊದಲು ಪಾಂಡವಪುರ, ಆಮೇಲೆ ಕೆ.ಆರ್.ಪೇಟೆ, ನಾಗಮಂಗಲ, ಶ್ರೀರಂಗಪಟ್ಟಣ. ಮಂಗಳವಾರವೇ ಹೋಗ್ತೀವಿ, ಅವತ್ತು ಡಾಕ್ಟರೂ ಸಿಗ್ತಾರೆ. ಬರೋ ಮೇಷ್ಟ್ರುಗಳು, ವಿದ್ಯಾರ್ಥಿಗಳು ಗೋಂದು ತನ್ನಿ, ಹಾಳೆ ನಮ್ಮ ಹತ್ತಿರ ಇದೆ.